ಚೀಲ ನೆಲ ಮುಟ್ಟಬಾರದು

ಕಲ್ಮೇಶನ ಫಜೀತಿಗೆಲ್ಲ ಮೂಲ ಅವನ ಕೊರಳಲ್ಲಿ ಹಗಲೆಲ್ಲ ಜೋತಾಡುತ್ತಿದ್ದ ಅಳತೆಯ ಟೇಪು. ಯುಗಾದಿ ಮುಗಿದ ವಾರದಲ್ಲಿ ಅಮೋಘಸಿದ್ಧನೆಂಬ ತರುಣ ಅವನ ಅಂಗಡಿಗೆ ಅಂಗಿ ಹೊಲಿಸಲು ಬಂದ. ಹೋದ ಕಾರಹುಣ್ಣಿಮೆಗೆ ಅರ್ಧ ಚೀಲ ಜೋಳ ಬೆನ್ನ ಮೇಲೆ ಹೊತ್ತು, ದೊಡ್ಡ ರಸ್ತೆಯ ಕ್ರಾಸಿನಿಂದ ಹೂವಿನ ಹಿಪ್ಪರಗಿಯ ಹಣಮಪ್ಪನ ಕಟ್ಟೆಯವರೆಗೆ ನಡೆದು ಬೆಳ್ಳಿ ಕಡಗ ಗೆದ್ದವನು ಅವನೇ. ನಮ್ಮ ಕಡೆ ಹಬ್ಬಕ್ಕೆ ಇಂಥದೊಂದು ಪಂಥ ಇರಲೇಬೇಕು, ಇಲ್ಲದಿದ್ದರೆ ಹೋಳಿಗೆ ಅರಗುವುದಿಲ್ಲ. ತೋಳಿನ ಅಳತೆಗೆಂದು ಕಲ್ಮೇಶ ಟೇಪು ಸುತ್ತಿದ. ಅದು ಒಂದು ಸುತ್ತು ಬರುವಷ್ಟರಲ್ಲಿ ಅವನಿಗೆ ಬೇರೆ ಗಿರಾಕಿಗಳ ಸೊಂಟ ನೆನಪಾಯಿತು. ಹೊಟ್ಟೆಕಿಚ್ಚೋ, ಬಿಸಿಲಿನ ಝಳವೋ, ಬಾಯಿಂದ ಮಾತು ಜಾರಿತು.

“ಅರ್ಧಾ ಚೀಲ ಜೋಳ ಹೊರೂದೇನು ಮಹಾ. ಮನಸ್ಸ ಮಾಡಿದ್ರ ನಾನೂ ಹೊರ್ತೇನಿ.”

ಪ್ಯಾಂಟಿನ ಕಾಲು ಗಿಡ್ಡ ಮಾಡಿಸಲು ಕೂತಿದ್ದ ಅಪ್ಪಾಸಾಬ ಚಹದ ಕಪ್ಪು ಕೆಳಗಿಟ್ಟ. ಊರಿನ ಗೆಳೆಯರ ಬಳಗಕ್ಕೆ ಅವನು ಅಧ್ಯಕ್ಷ. ಅಧ್ಯಕ್ಷರ ಹೊರತು ಆ ಬಳಗದಲ್ಲಿ ಯಾರ್ಯಾರಿದ್ದಾರೆ ಅನ್ನುವುದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಈ ಸಲದ ಕಾರಹುಣ್ಣಿಮೆಗೆ ಮಾತು ಪಕ್ಕಾ ಏನು ಎಂದು ಅವನು ಕೇಳಿದ. ಎದುರಿಗೆ ಅಮೋಘಸಿದ್ಧ ಮೀಸೆಯಲ್ಲೇ ನಗುತ್ತಿದ್ದ. ಕಲ್ಮೇಶ ಪಕ್ಕಾ ಅಂದುಬಿಟ್ಟ.

ಕಲ್ಮೇಶ ಕೆಟ್ಟ ಮನುಷ್ಯನಲ್ಲ, ಸೋಮಾರಿಯೂ ಅಲ್ಲ. ಹಿಡಿದದ್ದನ್ನು ಮುಗಿಸಿದವನಲ್ಲ, ಅಷ್ಟೇ. ಹಾರ್ಮೋನಿಯಂ ಕಲಿಯಲು ಹೋಗಿ ಪೆಟ್ಟಿಗೆಯ ಧೂಳು ಒರೆಸುವುದನ್ನು ಕಲಿತು ಬಂದಿದ್ದ. ಹಿತ್ತಲಲ್ಲಿ ಕೋಳಿಯ ಗೂಡು ಕಟ್ಟಿ, ಕೋಳಿ ತರುವಷ್ಟರಲ್ಲಿ ಬೇಸತ್ತಿದ್ದ. ಈಗ ಅದರಲ್ಲಿ ಸೆಗಣಿಯ ಕುಳ್ಳು ಒಟ್ಟುತ್ತಾರೆ. ಸಫಾರಿ ಹೊಲಿಯುವುದನ್ನು ಕಲಿಯುತ್ತೇನೆಂದು ಮುದ್ದೇಬಿಹಾಳಕ್ಕೆ ಹೋದವನು ಒಂದು ತೋಳು ಕಲಿತು ವಾಪಸು ಬಂದಿದ್ದ. ಹೆಂಡತಿ ಸುಜಾತಾ ಮೊದಮೊದಲು ಜಗಳ ಆಡುತ್ತಿದ್ದಳು, ಆಮೇಲೆ ನಗುತ್ತಿದ್ದಳು, ಈಚೆಗೆ ಎರಡನ್ನೂ ಬಿಟ್ಟಿದ್ದಳು. ಆಕೆ ಬಿಟ್ಟದ್ದೇ ಅವನಿಗೆ ಒಳಗೊಳಗೆ ಚುಚ್ಚುತ್ತಿತ್ತು. ಪಂಥದ ಸುದ್ದಿ ಕೇಳಿದಾಗ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸದೆ ಒಂದೇ ಮಾತು ಅಂದಳು.

“ಇದೊಂದರ ಮುಗಸ್ರಿ.”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಉಮೇದಿ ಅನ್ನುವುದು ಒಲೆಯ ಮೇಲಿನ ಹಾಲಿದ್ದಂತೆ. ಉಕ್ಕುವಾಗ ಪಾತ್ರೆ ಸಾಲದು. ಇಳಿದ ಮೇಲೆ ಬಗ್ಗಿ ನೋಡಿದರೆ ತಳದಲ್ಲಿ ಸೀದ ವಾಸನೆ. ಮೊದಲ ಕೆಲವು ದಿನ ಕಲ್ಮೇಶ ಕೋಳಿ ಕೂಗುವ ಮೊದಲೇ ಎದ್ದು, ಉಸುಕು ತುಂಬಿದ ಗೋಣಿ ಹೊತ್ತು ಹೊಲದ ಬದುವಿನ ಮೇಲೆ ನಡೆದ. ನೆನೆಸಿದ ಶೇಂಗಾ ತಿಂದ, ಹಾಲು ಕುಡಿದ, ಬಂದ ಗಿರಾಕಿಗಳಿಗೆಲ್ಲ ರಟ್ಟೆ ಮುಟ್ಟಿ ನೋಡಿ ಅಂದ. ಬರಬರುತ್ತ ಗೋಣಿ ತಾನೇ ಭಾರವಾಗತೊಡಗಿತು. ಉಸುಕು ಸ್ವಲ್ಪ ಚೆಲ್ಲಿದ. ಮತ್ತೆ ಸ್ವಲ್ಪ ಚೆಲ್ಲಿದ. ಬೆಳಗಿನ ಎಚ್ಚರ ಮಾತ್ರ ತಪ್ಪಲಿಲ್ಲ; ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು, ಏಳಬೇಕು ಎಂದುಕೊಳ್ಳುತ್ತ, ಏಳದೆ, ತನ್ನನ್ನು ತಾನೇ ಬೈದುಕೊಳ್ಳುತ್ತ ಬಿದ್ದಿರುತ್ತಿದ್ದ. ಗೋಣಿ ಹೊರುವುದಕ್ಕಿಂತ ಇದು ಹೆಚ್ಚು ದಣಿವಿನ ಕೆಲಸ. ಕೊನೆಗೆ ಉಳಿದಷ್ಟು ಉಸುಕಿನ ಗೋಣಿಯನ್ನು ಅಂಗಡಿಯ ಮುಂದೆ ಹಾಕಿ, ಗಿರಾಕಿಗಳಿಗೆ ಕೂಡಲು ಅನುಕೂಲವಾಯಿತೆಂದು ಸಮಾಧಾನ ತಂದುಕೊಂಡ.

ತನ್ನಿಂದ ಆಗುವುದಿಲ್ಲವೆಂದು ಹೇಳಲು ಅಪ್ಪಾಸಾಬನ ಮನೆಗೆ ಹೋದರೆ, ಬಸವನ ಬಾಗೇವಾಡಿಯಿಂದ ಫ್ಲೆಕ್ಸ್ ಆಗಲೇ ಅಚ್ಚಾಗಿ ಬಂದಿತ್ತು. ‘ಹಿಪ್ಪರಗಿಯ ಹುಲಿ’ ಎಂದು ಬರೆದು, ಮದುವೆಯ ಫೋಟೋದಿಂದ ಕತ್ತರಿಸಿದ ಅವನ ಮುಖ ಹಾಕಿದ್ದರು. ಬಾಸಿಂಗದ ದಾರ ಹಣೆಯ ಮೇಲೆ ಹಾಗೇ ಉಳಿದಿತ್ತು. ಅವನ ಮೇಲೆ, ಅವನಿಗಿಂತ ದೊಡ್ಡದಾಗಿ, ಮೊಬೈಲು ಕಿವಿಗೆ ಹಿಡಿದ ಅಪ್ಪಾಸಾಬ. ಹುಲಿ ಚಹ ಕುಡಿದು ಸುಮ್ಮನೆ ಮನೆಗೆ ಬಂತು.

ಕಾರಹುಣ್ಣಿಮೆಯ ಬೆಳಿಗ್ಗೆ ಎದ್ದವನೇ ಕಲ್ಮೇಶ ಹಣೆ ಮುಟ್ಟಿ ನೋಡಿಕೊಂಡ. ಜ್ವರ ಇರಲಿಲ್ಲ, ಹಣೆ ಮಜ್ಜಿಗೆಯ ಗಡಿಗೆಯಷ್ಟು ತಣ್ಣಗಿತ್ತು. ಹೊಟ್ಟೆ ನೋಯುತ್ತಿದೆ ಅಂದ. ಗೋಡೆಯಾಚೆಯ ಮುದುಕಿ ಸುಂದರವ್ವನಿಗೆ ಹೇಗೆ ಕೇಳಿಸಿತೋ, ಅಜವಾನ ಕುದಿಸಿದ ನೀರು ಹಿಡಿದುಕೊಂಡು ಬಂದಳು. ಕಾಲು ಉಳುಕಿದೆ ಅಂದ. ಆಕೆ ಕೂತು ಎಳೆದದ್ದಕ್ಕೆ ಹೆಬ್ಬೆರಳು ಲಟಕ್ಕೆಂದು, ಸರಿಯಿದ್ದ ಕಾಲೂ ನೋಯತೊಡಗಿತು. ಕೆಟ್ಟ ಕನಸು ಬಿದ್ದಿತ್ತು ಅಂದ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ, ಮನೆಮಂದಿಯೆಲ್ಲ ಕೆಮ್ಮುವ ಹಾಗೆ ಮಾಡಿದಳು.

“ಅಂಜಿಕಿ ಬಂದೈತೇನೋ ಕೂಸ?” ಎಂದು ಕೊನೆಗೆ ಆಕೆ ಮೆಲ್ಲಗೆ ಕೇಳಿದಳು.

“ಅಂಜಿಕಿ ಅಲ್ಲಬೇ. ಬ್ಯಾಸರ. ಯಾಕ್ ಒಪ್ಪಿಕೊಂಡ್ನಿ ಅನ್ನೂದ ಮರ್ತ ಹೋಗೈತಿ.”

“ಬ್ಯಾಸರಕ್ಕ ಇಲ್ಲೀತನಕ ಯಾರೂ ಸತ್ತಿಲ್ಲ. ಏಳು.”

ಸುಜಾತಾ ಅವನ ಹಣೆಗೆ ಕುಂಕುಮ ಹಚ್ಚಿದಳು. ಹಚ್ಚುವಾಗ ಅವಳ ಕಣ್ಣಲ್ಲಿ ಆಸೆಯಂಥದ್ದೇನೋ ಒಂದು ಇಣುಕಿ ಹೋಯಿತು. ಎಷ್ಟೋ ವರ್ಷಗಳಿಂದ ಕಾಣದಿದ್ದ ಅದನ್ನು ಕಂಡು ಕಲ್ಮೇಶನ ಎದೆ ಇನ್ನೂ ಕುಸಿಯಿತು.

ಮಂಜೂರನ ಟ್ರ್ಯಾಕ್ಟರಿನಲ್ಲಿ ಸ್ಪೀಕರ್ ಕಟ್ಟಿಕೊಂಡು ಎಲ್ಲರೂ ಕ್ರಾಸಿಗೆ ಹೋದರು. ಮಂಜೂರ ಕಲ್ಮೇಶನ ಅಂಗಡಿಯ ಎದುರಿಗೇ ಟೈರಿನ ಪಂಕ್ಚರ್ ತಿದ್ದುವವನು, ಒಳ್ಳೆಯ ಗೆಳೆಯ. ದಾರಿಯುದ್ದಕ್ಕೂ ಧೈರ್ಯ ಹೇಳುತ್ತ, ಹಿಂದೆ ಹೀಗೆ ಚೀಲ ಹೊತ್ತು ಸೊಂಟ ಮುರಿದುಕೊಂಡವರ ಹೆಸರುಗಳನ್ನೆಲ್ಲ ಹೇಳಿದ. ಅಲ್ಲಿ ಪಂಚನಾಗಿ ರೇವಣಪ್ಪ ಕಾಕಾ ರುಮಾಲು ಸುತ್ತಿಕೊಂಡು ನಿಂತಿದ್ದರು. ಊರಿನ ಎಲ್ಲ ಪಂಥಗಳಿಗೂ ಅವರದೇ ತೀರ್ಪು. ಅವರು ಕಟ್ಟಳೆ ಹೇಳಿದರು: ಹೊತ್ತ ಮೇಲೆ ಚೀಲ ನೆಲ ಮುಟ್ಟಬಾರದು, ಇನ್ನೊಬ್ಬರ ಕೈ ಚೀಲಕ್ಕೆ ತಾಗಬಾರದು, ಆದದ್ದೆಲ್ಲ ಪಂಚನ ಕಣ್ಣೆದುರಿಗೇ ಆಗಬೇಕು. ನಾಲ್ಕು ಜನ ಸೇರಿ ಚೀಲ ಎತ್ತಿ ಹೊರಿಸಿದರು. ಹೊಲಿಗೆಯ ಯಂತ್ರದ ಮುಂದೆ ಬಾಗಿ ಬಾಗಿ ಅರ್ಧ ಗೂನಾಗಿದ್ದ ಬೆನ್ನು ಅದು. ಚೀಲ ಹುಟ್ಟಿದ್ದೇ ಅಲ್ಲಿ ಅನ್ನುವ ಹಾಗೆ ಕೂತುಬಿಟ್ಟಿತು.

ಹಲಗೆ ಮೊಳಗಿತು, ಸಿಳ್ಳೆ ಬಿತ್ತು, ಯಾರೋ ಗುಲಾಲು ಎರಚಿದರು. ಹೆಜ್ಜೆ ಮುಂದೆ ಹೋಗುವ ಮೊದಲೇ ಕಣ್ಣು ಉರಿಯತೊಡಗಿತು. ಒಂದಿಷ್ಟು ದೂರ ಹೋದವನು ಎಡವಿದ ಹಾಗೆ ಮಾಡಿ ಬಿದ್ದುಬಿಡೋಣ ಎಂದುಕೊಂಡ. ಆದರೆ ಸುತ್ತಲೂ ಜನ ಎಷ್ಟು ಒತ್ತಾಗಿದ್ದರೆಂದರೆ ಬೀಳಲು ಜಾಗವೇ ಇರಲಿಲ್ಲ. ಬಾಯಿ ಒಣಗಿದೆ ಅಂದದ್ದಕ್ಕೆ ಒಬ್ಬ ಲಿಂಬೆಹಣ್ಣು ಹಿಂಡಿದ; ಅದು ಗುಲಾಲು ಇದ್ದ ಕಣ್ಣಿಗೇ ಹೋಯಿತು. ಅಪ್ಪಾಸಾಬ ಹಿಂದುಹಿಂದಾಗಿ ನಡೆಯುತ್ತ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದ. ಸ್ವಲ್ಪ ಹೊತ್ತಿಗೆ ಅವನು ಕೈ ಅಡ್ಡ ಹಿಡಿದು ಎಲ್ಲರನ್ನೂ ನಿಲ್ಲಿಸಿದ.

“ಕಲ್ಮೇಶ್ಯಾ, ನನ್ನ ಕೈ ಬಟ್ಟ ಕ್ಯಾಮರಾಕ್ಕ ಅಡ್ಡ ಬಂದಿತ್ತು. ಆ ಗಿಡದ ತನಕ ಹಿಂದ ಹೋಗಿ ಇನ್ನೊಮ್ಮೆ ನಡಕೋತ ಬಾ. ಮಾರಿ ಮ್ಯಾಲ ಮಾಡು, ಹುಲಿ ಹಂಗ.”

ಕಲ್ಮೇಶ ಚೀಲ ಹೊತ್ತು ಹಿಂದೆ ಹೋದ. ಮತ್ತೆ ನಡೆದು ಬಂದ. ಬಯಸದ ದಾರಿಯನ್ನು ಎರಡೆರಡು ಸಲ ನಡೆಯುವುದು ತನ್ನ ಹಣೆಬರಹದಲ್ಲಿಯೇ ಇದ್ದ ಸಂಗತಿ ಎಂದು ಅವನಿಗೆ ತೋರಿತು.

ಬಿಸಿಲು ಏರಿತು. ಮೊದಲು ಹೋದವರು ಹುಡುಗರು. ಮೊಬೈಲಿನ ಚಾರ್ಜು ಮುಗಿದ ಮೇಲೆ ಅವರಿಗೆ ಅಲ್ಲಿ ನೋಡುವಂಥದ್ದೇನೂ ಉಳಿಯಲಿಲ್ಲ. ಹಲಗೆಯವರು ಬಿಸಿಲಿಗೆ ಹಲಗೆ ಬಿಗಿಯಾಯಿತೆಂದು ಮೊದಲು ಬಾರಿಸಿದರು, ಆಮೇಲೆ ಅದೇ ನೆಪದಿಂದ ನಿಲ್ಲಿಸಿದರು. ಹಬ್ಬದ ದಿನ ಬೇರೆ. ಸಂಜೆ ಕರಿ ಹರಿಯಲು ಎತ್ತುಗಳನ್ನು ಓಡಿಸಬೇಕು, ಅದಕ್ಕೂ ಮೊದಲು ಅವುಗಳ ಮೈ ತೊಳೆದು ಕೋಡಿಗೆ ಬಣ್ಣ ಬಳಿಯಬೇಕು, ಅದಕ್ಕೂ ಮೊದಲು ಹೋಳಿಗೆ ಉಣ್ಣಬೇಕು. ಒಬ್ಬೊಬ್ಬರಾಗಿ ‘ನೀ ನಡೀತಿರು, ನಾ ಬಂದೆ’ ಅಂದು ಸರಿದರು. ಅಪ್ಪಾಸಾಬನಿಗೆ ಮನೆಯಿಂದ ಫೋನು ಬಂತು. ಅವನು ದೂರಕ್ಕೆ ಹೋಗಿ ಮೆಲ್ಲಗೆ ಮಾತಾಡಿದ, ಅಧ್ಯಕ್ಷನಾದವನು ಹೆಂಡತಿಯೊಡನೆ ಮಾತಾಡುವಷ್ಟು ಮೆಲ್ಲಗೆ. ಕಟ್ಟೆಯ ಹತ್ತಿರ ಹಾರ ಹಿಡಿದು ನಿಲ್ಲುತ್ತೇನೆಂದು ಹೇಳಿ ಬೈಕು ಹತ್ತಿದ.

ಉಳಿದವರು ಮಂಜೂರ ಮತ್ತು ರೇವಣಪ್ಪ ಕಾಕಾ. ಕರಿ ಹರಿಯುವ ಓಣಿಗೆ ಸ್ಪೀಕರ್ ಬೇಕೆಂದು ಊರಿನಿಂದ ಮೇಲಿಂದ ಮೇಲೆ ಕರೆ ಬರುತ್ತಿತ್ತು. ಕೊನೆಗೆ ಕಾಕಾ ಒಂದು ಉಪಾಯ ಹೇಳಿದರು. ಮಂಜೂರ ತಮ್ಮನ್ನು ಮುಂದಿನ ಬೇವಿನ ಗಿಡದ ಕೆಳಗೆ ಇಳಿಸಿ ಊರಿಗೆ ಹೋಗಿ ಬರಲಿ; ತಾವು ಅಲ್ಲಿ ಕೂತು ಕಲ್ಮೇಶ ದಾಟುವುದನ್ನು ಕಣ್ಣಾರೆ ನೋಡಿ ಅವನ ಜೊತೆ ಉಳಿದ ದಾರಿ ನಡೆಯುತ್ತಾರೆ. ನೆರಳಿನ ಮಾತು ಕೇಳಿ ಕಲ್ಮೇಶನಿಗೂ ಆಸೆಯಾಯಿತು. ಆದರೆ ನೆರಳು ಪಂಚನಿಗೆ ಮಾತ್ರ ಇತ್ತು. ಟ್ರ್ಯಾಕ್ಟರು ಧೂಳೆಬ್ಬಿಸಿ ಹೋಯಿತು.

ಅವನು ತೂರಾಡುತ್ತ ಬೇವಿನ ಗಿಡ ಮುಟ್ಟಿದಾಗ ಕಾಕಾ ರುಮಾಲನ್ನು ತಲೆದಿಂಬು ಮಾಡಿಕೊಂಡು ಅಂಗಾತ ಮಲಗಿದ್ದರು. ಬೆಳಿಗ್ಗೆ ಉಂಡ ಹೋಳಿಗೆ ತುಪ್ಪ ಅವರ ಮೂಗಿನಿಂದ ಹಾಡುತ್ತಿತ್ತು. ಕಾಕಾ ಎಂದು ಕಲ್ಮೇಶ ಕರೆದ. ಅರ್ಧ ಚೀಲ ಜೋಳದ ಕೆಳಗಿನಿಂದ ಹೊರಟ ದನಿ ಮೊಲದ ದನಿಯಷ್ಟೂ ಇರಲಿಲ್ಲ. ಕೈಯಿಂದ ಅಲುಗಿಸೋಣವೆಂದರೆ ಎರಡೂ ಕೈ ಚೀಲದ ಕಿವಿ ಹಿಡಿದಿದ್ದವು. ಖಾಲಿ ಇದ್ದದ್ದು ಕಾಲು. ಹಿರಿಯರಿಗೆ, ಅದರಲ್ಲೂ ಪಂಚನಿಗೆ, ಕಾಲು ತಾಗಿಸಿ ಎಬ್ಬಿಸುವುದುಂಟೇ. ಅವನು ಮತ್ತೆ ಕರೆದ. ಗೊರಕೆ ಉತ್ತರ ಕೊಟ್ಟಿತು. ನಿಂತರೆ ಚೀಲ ನಡೆಯುವಾಗಿನದಕ್ಕಿಂತ ಹೆಚ್ಚು ಭಾರ. ಕಣ್ಣಲ್ಲಿ ನೀರು ಬಂತು, ಈ ಸಲ ಲಿಂಬೆಹಣ್ಣಿನದಲ್ಲ. ಅವನು ಮುಂದೆ ಹೊರಟ.

ಈಗ ದಾರಿಯ ಮೇಲೆ ಅವನೊಬ್ಬನೇ. ಬದುವಿನ ಮೇಲೆ ಒಂದು ಎಮ್ಮೆ ನಿಂತಿತ್ತು, ಅದೂ ಮುಖ ಆ ಕಡೆ ಮಾಡಿತ್ತು. ಇಳಿಸಿಬಿಡು, ಎಂದು ಬೆನ್ನು ಹೇಳಿತು. ಯಾರು ನೋಡುತ್ತಾರೆ, ಎಂದು ಮೊಣಕಾಲು ಹೇಳಿದವು. ನಿಜವೇ. ಇಳಿಸಲು ಇಷ್ಟು ಒಳ್ಳೆಯ ಜಾಗ ಅವನ ಜೀವಮಾನದಲ್ಲಿ ಸಿಕ್ಕಿರಲಿಲ್ಲ. ಹಾರ್ಮೋನಿಯಂ ಬಿಡುವಾಗ ಮಾಸ್ತರರು ನೋಡುತ್ತಿದ್ದರು, ಗೂಡು ಬಿಡುವಾಗ ಓಣಿಯೇ ನೋಡುತ್ತಿತ್ತು. ಇಲ್ಲಿ ಬಿಟ್ಟರೆ ಕೇಳುವವರೇ ಇಲ್ಲ. ಅವನು ಒಳಗೆ ಉಮೇದಿ ಎಲ್ಲಾದರೂ ಒಂದು ಹನಿ ಉಳಿದಿದೆಯೇ ಎಂದು ತಡಕಿದ. ಇರಲಿಲ್ಲ. ಛಲವಿಲ್ಲ, ಆಸೆಯಿಲ್ಲ, ಕಡಗ ಬೇಡ, ಹುಲಿಯೂ ಬೇಡ. ಇಷ್ಟೆಲ್ಲ ತಡಕುವಷ್ಟರಲ್ಲಿ ಅವನು ಒಂದು ಹೊಲ ದಾಟಿದ್ದ.

ಇದು ಅವನಿಗೆ ಹೊಸದು. ಮನಸ್ಸಿಲ್ಲದಿದ್ದರೂ ಕಾಲು ನಡೆಯುತ್ತವೆ ಅನ್ನುವ ಸಂಗತಿಯನ್ನು ಇಷ್ಟು ವರ್ಷ ಅವನಿಗೆ ಯಾರೂ ಹೇಳಿರಲಿಲ್ಲ. ಹಿಗ್ಗಲಿಲ್ಲ, ಹಿಗ್ಗಲು ಉಸಿರಿರಲಿಲ್ಲ. ಮುಂದಿನ ಕಲ್ಲಿನ ತನಕ ಎಂದುಕೊಂಡ, ಕಲ್ಲು ಬಂತು. ಮುಂದಿನ ಜಾಲಿಯ ತನಕ ಎಂದುಕೊಂಡ; ಜಾಲಿಯೂ ಬಂತು. ಬೆನ್ನಿನ ಚರ್ಮ ಸುಲಿದು ಬೆವರು ಅದರೊಳಗೆ ಇಳಿಯುತ್ತಿತ್ತು. ಅಳುತ್ತ ನಡೆದ. ಅಳು ನಿಂತ ಮೇಲೂ ನಡೆದ. ಯಾವುದೋ ಹೊತ್ತಿಗೆ ಊರ ಅಗಸಿ ಬಾಗಿಲು ಬಂತು, ಅಗಸಿಯೊಳಗಿನ ಓಣಿ ಬಂತು, ಹಣಮಪ್ಪನ ಕಟ್ಟೆ ಬಂತು. ಅವನು ತಿರುಗಿ, ಬೆನ್ನು ಕೊಟ್ಟು, ಚೀಲವನ್ನು ಕಟ್ಟೆಯ ಮೇಲೆ ಕೂರಿಸಿದ.

ಓಣಿಯಲ್ಲಿ ನರಪಿಳ್ಳೆಯಿರಲಿಲ್ಲ. ಮನೆಮನೆಯಲ್ಲಿ ಉಣ್ಣುವ ಹೊತ್ತು. ಉಂಡವರು ಎತ್ತು ತೊಳೆಯಲು ಕೆರೆಗೆ ಹೋಗಿದ್ದರು. ಹಾರ ಒಂದು ಮೊಳೆಯಲ್ಲಿ ತೂಗುತ್ತಿತ್ತು, ಆಡೊಂದು ಅದರ ಕೆಳಗಿನ ಅರ್ಧ ತಿಂದಿತ್ತು. ಕಲ್ಮೇಶ ಚೀಲಕ್ಕೆ ಒರಗಿ ಕೂತ. ಜೀವನದಲ್ಲಿ ಮೊದಲ ಸಲ ಒಂದು ಕೆಲಸದ ಆಚೆಯ ದಂಡೆಯಲ್ಲಿ ಕೂತಿದ್ದ. ಅಲ್ಲಿ ಇಷ್ಟೊಂದು ಮೌನ ಇರುತ್ತದೆಂದು ಅವನು ತಿಳಿದಿರಲಿಲ್ಲ.

ಕೋಡಿಗೆ ಬಣ್ಣ ಬಳಿದ ಎತ್ತು ಹಿಡಿದುಕೊಂಡು ಮೊದಲು ಬಂದವನು ಅಪ್ಪಾಸಾಬ. ಅವನು ಕಲ್ಮೇಶನನ್ನು ನೋಡಿದ, ಚೀಲ ನೋಡಿದ.

“ಯಾವ ಗಾಡಿಗಿ ಬಂದಿ?” ಅಂದ.

ಆಗಿದ್ದು ಹೀಗೆ. ಕಾಕಾ ಎಚ್ಚರಾಗಿ ನೋಡಿದರೆ ದಾರಿ ಖಾಲಿ. ಎಷ್ಟು ಹೊತ್ತು ಕಾದರೂ ಯಾರೂ ಬರಲಿಲ್ಲ. ಬರುವುದು ಹೇಗೆ, ಹೋದವನು ಹೋಗಿಯಾಗಿತ್ತು. ಕಲ್ಮೇಶ ಎಂದಿನ ಹಾಗೆ ನಡುದಾರಿಯಲ್ಲಿ ಕೈಬಿಟ್ಟನೆಂದು ಅವರು ಫೋನು ಮಾಡಿ ಹೇಳಿದ್ದರು. ಊರು ಅದನ್ನು ಹೋಳಿಗೆಯ ಜೊತೆ ಸಲೀಸಾಗಿ ನುಂಗಿತ್ತು. ಗೊತ್ತಿದ್ದದ್ದೇ ಬಿಡ್ರಿ ಎಂದು ಅಡುಗೆಮನೆಗಳು ಅಂದಿದ್ದವು. ಮಂಜೂರ ಮಾತ್ರ ಗೆಳೆಯ ಎಲ್ಲಿ ಬಿದ್ದಿದ್ದಾನೋ ಎಂದು ಕ್ರಾಸಿನವರೆಗೆ ತೆಗ್ಗು ತೆಗ್ಗು ಹುಡುಕಿ, ಬರುವಾಗ ಕಾಕಾನನ್ನು ಹತ್ತಿಸಿಕೊಂಡು ಬಂದ. ಅಷ್ಟರಲ್ಲಿ ಕಟ್ಟೆಯ ಸುತ್ತ ಜನ ಕೂಡಿದ್ದರು.

ಕಲ್ಮೇಶ ತಾನು ನಡೆದೇ ಬಂದೆನೆಂದು ಹೇಳಿದ. ಬೆವರು ತೋರಿಸಿದ. ಪ್ಯಾಂಟು ಹೊಲಿಯುವಾಗಲೂ ನಿನಗೆ ಇಷ್ಟೇ ಬೆವರು ಬರುತ್ತದೆ ಎಂದರು. ಬೆನ್ನಿಗಂಟಿದ ಅಂಗಿಯ ರಕ್ತದ ಕಲೆ ತೋರಿಸಿದ. ಅದು ಮೊದಲರ್ಧದ ಗಾಯ ಎಂದರು. ಮೊಬೈಲುಗಳಲ್ಲಿ ಇದ್ದದ್ದು ಶುರುವಿನ ನಡಿಗೆ ಮಾತ್ರ, ಅದೂ ಎರಡು ಸಲ. ಎಲ್ಲರೂ ಕಾಕಾನ ಕಡೆ ತಿರುಗಿದರು.

“ನನ್ನ ಮುಂದಿಂದ ಯಾರೂ ಹಾದಿಲ್ಲ,” ಅಂದರು ಕಾಕಾ.

“ಕಾಕಾ, ನೀವು ಮಲಗಿದ್ರಿ. ನಾ ಎರಡು ಸಲ ಕರದ್ನಿ.”

ಕಾಕಾ ರುಮಾಲು ಸರಿಮಾಡಿಕೊಂಡರು. ಅವರ ಮುಖದಲ್ಲಿ 'ಇವನು ಹೇಳುವುದು ನಿಜ' ಅನ್ನುವುದು ಬಂದು ಒಂದು ಗಳಿಗೆ ನಿಂತು, ಜನರನ್ನು ನೋಡಿ, ಒಳಗೆ ಹೋಯಿತು. “ಕಣ್ಣ ಮುಚ್ಚಿದ್ದೆ ತಮ್ಮಾ. ಮಲಗಿದ್ದಿಲ್ಲ.”

ಅಪ್ಪಾಸಾಬ ನಡುವೆ ಬಂದು ನ್ಯಾಯ ಬಿಡಿಸಿದ. “ನೋಡ ಕಲ್ಮೇಶ್ಯಾ. ಕಾಕಾ ಎಚ್ಚರ ಇದ್ರು ಅಂದ್ರ ನೀ ಹಾದಿಲ್ಲ. ಮಲಗಿದ್ರು ಅಂದ್ರ ನೀ ಹಾದದ್ದು ನೋಡಿದವ್ರಿಲ್ಲ. ಎರಡರಾಗ ಯಾವ್ದ ಬೇಕೋ ತಗೋ.”

ಕಲ್ಮೇಶ ಎರಡನ್ನೂ ಮನಸ್ಸಿನಲ್ಲಿ ತೂಗಿ ನೋಡಿದ. ಎರಡೂ ಅರ್ಧ ಚೀಲದಷ್ಟೇ ಭಾರ ಇದ್ದವು. ಜೋಳ ಅಪ್ಪಾಸಾಬನ ಮನೆಗೆ ಹೋಯಿತು, ಗೆದ್ದವನಿಗೆಂದು ತಂದಿದ್ದ ಕಡಗವೂ ಅವನ ಕಿಸೆಗೇ ಹೋಯಿತು, ಜನ ಕರಿ ಹರಿಯುವ ಓಣಿಗೆ ಹೋದರು. ಕಲ್ಮೇಶ ಮನೆಗೆ ಹೋದ. ಭಾರವಿಲ್ಲದ ಬೆನ್ನು ನೆಟ್ಟಗಾಗಲು ಒಪ್ಪದೆ, ಕಳೆದದ್ದೇನನ್ನೋ ನೆಲದ ಮೇಲೆ ಹುಡುಕುವವನಂತೆ ಬಾಗಿಯೇ ಹೋದ.

ಸುಜಾತಾ ಅವನನ್ನು ಒಳಗೆ ಕೂರಿಸಿದಳು. ಅವನ ಅಂಗಿ ಬೆನ್ನಿಗೆ ಅಂಟಿತ್ತು. ನೀರು ಹಚ್ಚಿ ಮೆಲ್ಲಗೆ ಬಿಡಿಸಿದಳು. ಗೋಣಿಯ ಎಳೆ ಎಳೆಯೂ ಚರ್ಮದಲ್ಲಿ ಅಚ್ಚಾಗಿತ್ತು. ಅದರ ಮೇಲೆ ಬೆರಳಾಡಿಸಿ ಬಹಳ ಹೊತ್ತು ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು ಹೊರಗೆ ಹೋದಳು. ಸುಂದರವ್ವನ ಕಡೆ ಎಣ್ಣೆಗೆ ಹೋಗಿರಬೇಕು ಎಂದುಕೊಂಡು ಅವನು ಗೋಡೆಗೆ ತಲೆ ಆನಿಸಿ ಕೂತ. ಎಣ್ಣೆ ತರಲು ಆಗುವುದಕ್ಕಿಂತ ಹೆಚ್ಚು ಹೊತ್ತು ಆಯಿತು. ಬಂದವಳು ಬೆಚ್ಚಗಿನ ಎಣ್ಣೆಗೆ ಅರಿಶಿನ ಕಲಸಿ ಹಿಂದೆ ಕೂತಳು.

“ಅರ್ಧಾ ದಾರಿಗಿ ಗೋಣಿ ಇಷ್ಟು ಒಳಗ ಇಳಿಯಂಗಿಲ್ರಿ. ನೀವು ಪೂರ್ತಿ ನಡದೀರಿ,” ಅಂದಳು.

ಕಲ್ಮೇಶ ಹೊರಳಿ ಅವಳ ಮುಖ ನೋಡಿದ. “ನೀ ನಂಬ್ತಿ?”

“ಊರೆಲ್ಲಾ ಸುಳ್ಳ ಅಂದ್ರೂ ನಾ ನಂಬ್ತೇನಿ.”

ಅವನು ಕಣ್ಣು ಮುಚ್ಚಿದ. ಕಡಗ ಹೋಗಲಿ, ಕಾಕಾ ಹೋಗಲಿ. ಈ ಒಂದು ಮಾತಿಗೆ ಕ್ರಾಸಿನಿಂದಲ್ಲ, ಸಿಂದಗಿಯಿಂದ ಹೊತ್ತು ತಂದರೂ ನಡೆಯುತ್ತದೆ ಎಂದುಕೊಂಡ. ಎಣ್ಣೆ ಉರಿಯುತ್ತಿತ್ತು, ಹಿತವಾಗಿಯೂ ಇತ್ತು.

“ಅದಕ್ಕ ಈಗ ಎಲ್ಲಾರ ಮುಂದ ಹೋಗಿ ಹೇಳಿ ಬಂದೇನಿ,” ಅಂದಳು ಸುಜಾತಾ. ಎಷ್ಟೋ ವರ್ಷದ ಮೇಲೆ ಅವಳ ದನಿಯಲ್ಲಿ ಉಮೇದಿ ಉಕ್ಕುತ್ತಿತ್ತು. “ಹದಿನೈದ ದಿನಾ ಬಿಟ್ಟ ಬರೂ ಮಣ್ಣೆತ್ತಿನ ಅಮಾಸಿಗಿ ನಮ್ಮವರು ಮತ್ತ ಹೊರ್ತಾರ ಅಂದೆ. ಅರ್ಧಾ ಅಲ್ಲ, ಪೂರ್ತಿ ಚೀಲ. ಕಾಕಾನ ಬಾಜೂಕ ನಾನ ನಡೀತೇನಿ, ಯಾವ ಗಿಡದ ಬುಡಕ್ಕ ಮಲಗ್ತಾರ ನೋಡೂಣು.”

ಕಲ್ಮೇಶ ಕಣ್ಣು ಬಿಟ್ಟ. ಆಮೇಲೆ, “ನನ್ನ ಒಂದು ಮಾತ ಕೇಳಬಾರ್ದಿತ್ತೇನು?” ಅಂದ.

“ಕೇಳಿದ್ರ ನೀವು ಹೂಂ ಅಂತಿದ್ದಿಲ್ಲಲ್ರಿ,” ಎಂದು ಅವಳು ನಕ್ಕು, ಇನ್ನಷ್ಟು ಎಣ್ಣೆ ಸುರಿದುಕೊಂಡು, ಬೆನ್ನನ್ನು ಮುಂದಿನ ಅಮಾವಾಸ್ಯೆಗೆ ಸಿದ್ಧಮಾಡುವವಳಂತೆ ಗಟ್ಟಿಯಾಗಿ ತಿಕ್ಕತೊಡಗಿದಳು.

ಊರಿನ ಹಾಗೆ ಇವಳೂ ತನ್ನನ್ನು ನಂಬದೆ ಇದ್ದಿದ್ದರೆ ಎಷ್ಟು ಚಲೋ ಇತ್ತು ಎಂದು ಕಲ್ಮೇಶನಿಗೆ ಅನ್ನಿಸಿತು.